ಸತ್ತ ಗಿಳಿ, ಓದಿದ ಗೊರಿಲ್ಲಾ: ಸ್ಕಿಟ್ ಬರೆಯುವವರಿಗೊಂದು ಬಹಿರಂಗ ಪತ್ರ

ಕನ್ನಡ ಕಿರುತೆರೆಗೆ ಸ್ಕಿಟ್ ಬರೆಯುವ, ನಿರ್ದೇಶಿಸುವ, ಅಭಿನಯಿಸುವ ಎಲ್ಲ ಗೆಳೆಯ ಗೆಳತಿಯರಿಗೆ,



ವಾರಾಂತ್ಯದ ರಾತ್ರಿ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂರುವ ಅಸಂಖ್ಯ ಕನ್ನಡಿಗರ ವಾರದ ದಣಿವನ್ನು ಇಳಿಸುವವರು ನೀವು. ಹತ್ತು ನಿಮಿಷದ ಸ್ಕಿಟ್ ಒಂದಕ್ಕೆ ಎಷ್ಟು ತಾಲೀಮು ಬೇಕು, ಒಂದು ಪಂಚ್ ಸರಿಯಾದ ಜಾಗದಲ್ಲಿ ಕೂರಲು ಎಷ್ಟು ಸಲ ಬರೆದು ಹರಿಯಬೇಕು ಎಂಬುದು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಊರಿನ ನಾಟಕಗಳಿಂದಲೋ ಕಾಲೇಜಿನ ರಂಗದಿಂದಲೋ ಬಂದ ನಿಮ್ಮಲ್ಲಿ ಬಹುಪಾಲು ಜನರ ಟೈಮಿಂಗ್ ನೋಡಿದರೆ ಪ್ರತಿಭೆಗೇನೂ ಬರವಿಲ್ಲ ಎಂಬುದು ಸ್ಪಷ್ಟ. ಆ ಗೌರವವಿಟ್ಟುಕೊಂಡೇ ನಿಮ್ಮ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಅಸಂಗತ ಪ್ರಾಣಿಪಾತ್ರಗಳಿಗೆ ನಿಮ್ಮ ಸ್ಕಿಟ್‌ಗಳಲ್ಲಿ ಜಾಗ ಕೊಡಿ. ಬಾಗಿಲು ತಟ್ಟುವ ಶಾರ್ಕ್, ಕಾರು ಓಡಿಸುವ ಬೆಕ್ಕು, ಸಂದರ್ಶನ ಕೊಡುವ ಗೊರಿಲ್ಲಾ, ಸತ್ತರೂ ಸತ್ತಿಲ್ಲವೆಂದು ಮಾರಾಟವಾಗುವ ಗಿಳಿ: ಇಂಥ ಪಾತ್ರಗಳನ್ನು ಬ್ರಿಟನ್ನಿನ, ಅಮೆರಿಕದ ಪ್ರೇಕ್ಷಕರು ದಶಕಗಳಿಂದ ಮರೆತಿಲ್ಲ. ಪ್ರಾಣಿ ವಿಚಿತ್ರವಾಗಿದೆ ಎಂಬಷ್ಟಕ್ಕೇ ಜನ ಇಷ್ಟು ಕಾಲ ನಗುವುದಿಲ್ಲ. ಆ ಪ್ರಾಣಿಯ ಎದುರು ನಿಂತ ಮನುಷ್ಯ ಏನೂ ಆಗೇ ಇಲ್ಲವೆಂಬಂತೆ ನಡೆದುಕೊಳ್ಳುತ್ತಾನಲ್ಲ, ನಗು ಹುಟ್ಟುವುದು ಅಲ್ಲಿ. ಈ ಒಂದು ಮಾತನ್ನು ಉದಾಹರಣೆ ಸಮೇತ ನಿಮಗೆ ಮನಗಾಣಿಸುವುದು ಈ ಪತ್ರದ ಉದ್ದೇಶ.

ಮೊದಲು ಗಿಳಿಯನ್ನೇ ನೋಡೋಣ. ಬಿಬಿಸಿಯಲ್ಲಿ 1969ರಿಂದ 1974ರವರೆಗೆ ಪ್ರಸಾರವಾದ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಸರಣಿಯಲ್ಲಿ, 1969ರ ಡಿಸೆಂಬರ್ 7ರಂದು ಈ ಸ್ಕಿಟ್ ಬಂತು. ಗಿರಾಕಿ ಜಾನ್ ಕ್ಲೀಸ್, ಅಂಗಡಿಯವನು ಮೈಕೇಲ್ ಪೇಲಿನ್. ಸ್ವಲ್ಪ ಹೊತ್ತಿನ ಹಿಂದೆ ಇದೇ ಅಂಗಡಿಯಲ್ಲಿ ಕೊಂಡ ಗಿಳಿ ಸತ್ತಿದೆ ಎಂದು ಗಿರಾಕಿ ಪಂಜರ ಹಿಡಿದು ವಾಪಸು ಬರುತ್ತಾನೆ. ಅಂಗಡಿಯವನು ಒಪ್ಪುವುದಿಲ್ಲ. ಗಿಳಿ ವಿಶ್ರಾಂತಿಯಲ್ಲಿದೆ ಎನ್ನುತ್ತಾನೆ, ತವರು ನಾರ್ವೆಯ ನೆನಪಿನಲ್ಲಿ ಕೊರಗುತ್ತಿದೆ ಎನ್ನುತ್ತಾನೆ, ನಡುವೆ ಅದರ ಪುಕ್ಕದ ಅಂದವನ್ನು ಹೊಗಳುತ್ತಾನೆ. ತಾನೇ ಪಂಜರವನ್ನು ಅಲುಗಾಡಿಸಿ, ನೋಡಿ ಈಗ ಅಲ್ಲಾಡಿತು ಎಂದು ಸಾಧಿಸುತ್ತಾನೆ. ಗಿರಾಕಿ ಹಕ್ಕಿಯನ್ನು ಹೊರತೆಗೆದು, ಕಿವಿಯ ಹತ್ತಿರ ಕೂಗಿ ಎಬ್ಬಿಸಲು ನೋಡಿ, ಕೌಂಟರಿಗೆ ಬಡಿದು, ಮೇಲೆಸೆದು ನೆಲಕ್ಕೆ ಬೀಳಲು ಬಿಡುತ್ತಾನೆ. ಕೊಳ್ಳುವಾಗ ಅದು ಕೋಲಿನ ಮೇಲೆ ನೆಟ್ಟಗೆ ಕೂತಿದ್ದು ಕಾಲಿಗೆ ಮೊಳೆ ಹೊಡೆದಿದ್ದರಿಂದ ಎಂಬುದೂ ಬಯಲಾಗುತ್ತದೆ. ಅಂಗಡಿಯವನು ಅದಕ್ಕೂ ಜಗ್ಗದೆ, ಮೊಳೆ ಹೊಡೆಯದಿದ್ದರೆ ಸರಳು ಬಗ್ಗಿಸಿಕೊಂಡು ಹಾರಿಹೋಗುತ್ತಿತ್ತು ಎನ್ನುತ್ತಾನೆ. ಗಿಳಿ ಇಡೀ ಸ್ಕಿಟ್‌ನಲ್ಲಿ ಏನನ್ನೂ ಮಾಡುವುದಿಲ್ಲ, ಮಾಡುವಂತೆಯೂ ಇಲ್ಲ. ಅದೊಂದು ಆಟಿಕೆಯಂಥ ಹಕ್ಕಿ ಅಷ್ಟೆ. ನಮ್ಮನ್ನು ನಗಿಸುವುದು, ಕಣ್ಣೆದುರಿನ ಸತ್ಯವನ್ನು ನಯವಾದ ಮಾತಿನಿಂದ ಅಳಿಸಿಹಾಕಬಹುದು ಎಂಬ ವ್ಯಾಪಾರಿಯ ಅಚಲ ನಂಬಿಕೆ.

ಈ ಸ್ಕಿಟ್‌ನ ಹುಟ್ಟೇ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ. ಮಾಂಟಿ ಪೈಥಾನ್‌ಗೂ ಮುಂಚೆ, 1968ರಲ್ಲಿ, ಕ್ಲೀಸ್ ಮತ್ತು ಗ್ರಹಾಂ ಚಾಪ್‌ಮನ್ ‘ಹೌ ಟು ಇರಿಟೇಟ್ ಪೀಪಲ್’ ಎಂಬ ಕಾರ್ಯಕ್ರಮ ಮಾಡಿದ್ದರು. ಅದರಲ್ಲಿ ಕೆಟ್ಟ ಕಾರನ್ನು ವಾಪಸು ತಂದ ಗಿರಾಕಿಗೆ, ಕಾರಿನಲ್ಲಿ ಯಾವ ದೋಷವೂ ಇಲ್ಲವೆಂದು ವಾದಿಸುವ ಮಾರಾಟಗಾರನ ಪಾತ್ರ ಪೇಲಿನ್ ಅವರದು. ಏನು ದೂರು ಹೇಳಿದರೂ ಒಂದು ಸಬೂಬು ಹುಡುಕುತ್ತಿದ್ದ, ಪೇಲಿನ್‌ಗೆ ಗೊತ್ತಿದ್ದ ಗ್ಯಾರೇಜಿನವನೊಬ್ಬ ಆ ಪಾತ್ರಕ್ಕೆ ಪ್ರೇರಣೆ. ವಾದ ಅದೇ, ಪೇಲಿನ್ ಅವರೇ. ಆದರೂ ಕಾರಿನ ಸ್ಕಿಟ್ ಇಂದು ಅಧ್ಯಯನ ಮಾಡುವವರಿಗಷ್ಟೇ ಗೊತ್ತು, ಗಿಳಿಯದ್ದು ಜಗತ್ತಿಗೇ ಗೊತ್ತು. ಕಾರು ಕೆಟ್ಟಿದೆಯೋ ಇಲ್ಲವೋ ಎಂಬುದರಲ್ಲಿ ಹೆಚ್ಚು ಕಡಿಮೆ ಉಂಟು: ಬ್ರೇಕ್ ಸ್ವಲ್ಪ ಸಡಿಲ, ಗೇರ್ ಸ್ವಲ್ಪ ಬಿಗಿ, ಸರ್ವೀಸ್ ಮಾಡಿಸಿದರೆ ಸರಿಹೋದೀತು. ಸಾವಿನಲ್ಲಿ ಹಾಗೆ ಸ್ವಲ್ಪ ಎಂಬುದಿಲ್ಲ. ಕಾರನ್ನು ತೆಗೆದು ಆ ಜಾಗದಲ್ಲಿ ಸತ್ತ ಹಕ್ಕಿ ಇಟ್ಟ ಕ್ಷಣ, ಮಾರಾಟಗಾರನ ಸುಳ್ಳು ಅಡಗಿಕೊಳ್ಳಲು ಒಂದು ಮೂಲೆಯೂ ಉಳಿಯಲಿಲ್ಲ. ಅಸಂಗತ ಪ್ರಾಣಿ ಸ್ಕಿಟ್‌ಗೆ ಮಾಡುವ ಉಪಕಾರ ಇದೇ: ಜೀವನದಲ್ಲಿ ಮಸುಕಾಗಿರುವ ಸಣ್ಣತನವನ್ನು ಅದು ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ ಮಾಡುತ್ತದೆ.

ಅಮೆರಿಕದ ಎರಡು ಉದಾಹರಣೆಗಳಲ್ಲೂ ಇದೇ ಕಾಣುತ್ತದೆ. 1975ರ ಜೂನ್‌ನಲ್ಲಿ ‘ಜಾಸ್’ ಸಿನಿಮಾ ಬಂದು ಜನ ಸಮುದ್ರಕ್ಕಿಳಿಯಲು ಹೆದರುತ್ತಿದ್ದ ಹೊತ್ತಿನಲ್ಲಿ, ಅದೇ ವರ್ಷ ಶುರುವಾದ ‘ಸ್ಯಾಟರ್ಡೇ ನೈಟ್ ಲೈವ್’ ಒಂದು ಶಾರ್ಕನ್ನು ನೆಲಕ್ಕೆ ತಂದಿತು. ಅದು ನಗರದ ಅಪಾರ್ಟ್‌ಮೆಂಟ್‌ನ ಬಾಗಿಲು ತಟ್ಟುತ್ತದೆ. ತಾನು ಪ್ಲಂಬರ್, ಟೆಲಿಗ್ರಾಂ ತಂದವನು, ಹೂವು ತಂದವನು ಎಂದು ಚೆವಿ ಚೇಸ್‌ರ ಗೊಗ್ಗರು ದನಿಯಲ್ಲಿ ಒಂದೊಂದೇ ಸುಳ್ಳು ಹೇಳುತ್ತದೆ. ಒಳಗಿನ ಹೆಣ್ಣುಮಗಳಿಗೆ ಇದು ಶಾರ್ಕ್ ಎಂಬ ಅನುಮಾನ ಬಂದೇ ಬರುತ್ತದೆ, ಆಕೆ ಅದನ್ನು ಬಾಯಿಬಿಟ್ಟೂ ಹೇಳುತ್ತಾಳೆ. ನಾನು ಬರೀ ಡಾಲ್ಫಿನ್ ಎಂದ ಕೂಡಲೇ ಸಮಾಧಾನಗೊಂಡು ಬಾಗಿಲು ತೆರೆಯುತ್ತಾಳೆ! ಇನ್ನೊಂದು, 1989ರಲ್ಲಿ ಅದೇ ಕಾರ್ಯಕ್ರಮಕ್ಕೆ ಜ್ಯಾಕ್ ಹ್ಯಾಂಡಿ ಬರೆದ ಟೂನ್ಸಿಸ್ ಎಂಬ ಬೆಕ್ಕಿನ ಪಾತ್ರ. ಬೆಕ್ಕು ಕಾರು ಓಡಿಸುತ್ತದೆ ಎಂದು ಮಾಲೀಕರಿಗೆ ಹೆಮ್ಮೆ, ಅದನ್ನು ನಂಬಿ ಪಕ್ಕದಲ್ಲಿ ಕೂರುತ್ತಾರೆ, ಕಾರು ಪ್ರಪಾತಕ್ಕೆ ಬೀಳುತ್ತದೆ. ಮುಂದಿನ ಸಲವೂ ಅದೇ ಹೆಮ್ಮೆ, ಅದೇ ಪ್ರಪಾತ. ಶಾರ್ಕಿನ ಸ್ವಭಾವ ತಿನ್ನುವುದು, ಬೆಕ್ಕಿಗೆ ಡ್ರೈವಿಂಗ್ ಬರುವುದಿಲ್ಲ. ಅವೆರಡರಲ್ಲೂ ತಮಾಷೆಯೇನಿಲ್ಲ. ಒಂದು ಸಭ್ಯ ಸುಳ್ಳು ಸಿಕ್ಕರೆ ಸಾಕು ಬಾಗಿಲು ತೆರೆದೇಬಿಡುವ, ಪ್ರೀತಿಯ ಹೆಸರಿನಲ್ಲಿ ಅನರ್ಹರ ಕೈಗೆ ಸ್ಟೀರಿಂಗ್ ಕೊಟ್ಟು ಮತ್ತೆ ಮತ್ತೆ ಕೊಡುವ ಮನುಷ್ಯರ ಅಭ್ಯಾಸವೇ ಇಲ್ಲಿ ಬಯಲಾಗುವುದು.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಬಿಬಿಸಿಯ ‘ನಾಟ್ ದಿ ನೈನ್ ಓಕ್ಲಾಕ್ ನ್ಯೂಸ್’ನ ಗೊರಿಲ್ಲಾ ಜೆರಾಲ್ಡ್. ಅದಕ್ಕೊಂದು ಹಿನ್ನೆಲೆಯಿದೆ. ವಾನರಗಳಿಗೆ ಮಾತು ಕಲಿಸುವ ಪ್ರಯೋಗಗಳು ಸುದ್ದಿಯಲ್ಲಿದ್ದ ಕಾಲವದು. ವಾಶೋ ಎಂಬ ಚಿಂಪಾಂಜಿಗೆ 1960ರ ದಶಕದಲ್ಲಿ, ಕೋಕೋ ಎಂಬ ಗೊರಿಲ್ಲಾಗೆ 1970ರ ದಶಕದಲ್ಲಿ ಕೈಸನ್ನೆಯ ಭಾಷೆ ಕಲಿಸಲಾಗಿತ್ತು. ‘ನ್ಯಾಷನಲ್ ಜಿಯೊಗ್ರಾಫಿಕ್’ ಪತ್ರಿಕೆಯ 1978ರ ಮುಖಪುಟದಲ್ಲೇ ಕೋಕೋ ಇದ್ದಳು. ಸ್ಕಿಟ್‌ನಲ್ಲಿ ಪ್ರಾಧ್ಯಾಪಕರಾಗಿ ಮೆಲ್ ಸ್ಮಿತ್ ತಮ್ಮ ಸಾಧನೆಯನ್ನು ಟಿವಿ ಸಂದರ್ಶನದಲ್ಲಿ ವಿವರಿಸುತ್ತಿರುತ್ತಾರೆ. ಪಕ್ಕದಲ್ಲಿ ಗೊರಿಲ್ಲಾ ವೇಷದ ರೋವನ್ ಅಟ್ಕಿನ್ಸನ್. ಜೆರಾಲ್ಡ್ ಬಾಯಿ ತೆರೆದರೆ ಅವನ ಇಂಗ್ಲಿಷ್ ಪ್ರಾಧ್ಯಾಪಕರ ಇಂಗ್ಲಿಷಿಗಿಂತ ಶುದ್ಧ. ಗುರುವಿನ ಮಾತನ್ನು ನಡುವೆ ತಡೆಯುತ್ತಾನೆ, ತಪ್ಪು ತಿದ್ದುತ್ತಾನೆ, ಈ ಯೋಜನೆಗೆ ತಾನೂ ಸಾಕಷ್ಟು ದುಡಿದಿದ್ದೇನೆಂದು ನೆನಪಿಸುತ್ತಾನೆ. ಪ್ರಾಧ್ಯಾಪಕರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು, ಕಿರಿಕಿರಿ ಮಾತ್ರ ಆಗುತ್ತದೆ. ಜಗತ್ತಿನ ಅತಿ ದೊಡ್ಡ ಪವಾಡ ಪಕ್ಕದಲ್ಲೇ ಕೂತಿರುವಾಗ, ಶ್ರೇಯ ಯಾರಿಗೆ ಎಂಬ ಜಗಳದಲ್ಲಿ ಅವರು ಮುಳುಗಿದ್ದಾರೆ. ವಿದ್ವತ್ತಿನ ಅಹಂಕಾರದ ಮೇಲೆ ಪುಟಗಟ್ಟಲೆ ಬರೆದರೂ ಇಷ್ಟು ಚುರುಕಾಗಿ ತಟ್ಟಲಾರದು. ಇಲ್ಲಿ ಯಾವ ಜಾತಿ, ಯಾವ ಊರು, ಯಾವ ದೇಹವೂ ನಗೆಗೀಡಾಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಈ ಗುಣವೇ ನನ್ನ ಬೇಡಿಕೆಯ ತಿರುಳು. ನಮ್ಮ ಸ್ಕಿಟ್‌ಗಳಲ್ಲಿ ನಗು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಗಂಡಸಿಗೆ ಸೀರೆ ಉಡಿಸಿದರೆ ಒಂದು ನಗು, ದಪ್ಪಗಿದ್ದವರ ತೂಕಕ್ಕೆ ಒಂದು ಕೌಂಟರ್, ಕಪ್ಪಗಿದ್ದವರ ಮೈಬಣ್ಣಕ್ಕೆ ಇನ್ನೊಂದು, ಕುಳ್ಳಗಿನವರನ್ನು ಎತ್ತಿ ಆಡಿಸಿದರೆ ಮತ್ತೊಂದು. ಉತ್ತರ ಕರ್ನಾಟಕದ ಮಾತಿನ ಧಾಟಿ, ಮಂಗಳೂರಿನ ಕನ್ನಡ, ತೊದಲು, ಕುಡುಕನ ತೂರಾಟ ಇವೆಲ್ಲ ಸರದಿಯಲ್ಲಿ ಬರುತ್ತವೆ. ಕಲಾವಿದರು ಒಪ್ಪಿಯೇ ಮಾಡುತ್ತಾರೆ, ಅವರ ಬದುಕಿಗೆ ಅದರಿಂದ ಅನ್ನವೂ ದಾರಿಯೂ ಸಿಕ್ಕಿದೆ ಎಂಬುದು ನಿಜ, ಅದನ್ನು ಹಗುರ ಮಾಡುವುದಿಲ್ಲ. ಆದರೆ ವೇದಿಕೆಯ ಮೇಲಿನ ಕೌಂಟರ್ ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳ ಸೇರುತ್ತದೆ. ಅಲ್ಲಿ ಅದನ್ನು ಕೇಳಿಸಿಕೊಳ್ಳುವ ದಪ್ಪ ಹುಡುಗಿ, ತೊದಲುವ ಹುಡುಗ ಯಾವ ಸ್ಕಿಟ್‌ಗೂ ಒಪ್ಪಿಗೆ ಕೊಟ್ಟವರಲ್ಲ, ಅವರಿಗೆ ಸಂಭಾವನೆಯೂ ಇಲ್ಲ. ಅಸಂಗತ ಪ್ರಾಣಿಪಾತ್ರ ಈ ಹೊರೆಯನ್ನು ಇಳಿಸುತ್ತದೆ. ಸ್ಕಿಟ್‌ಗೆ ಬೇಕಾದ ವೈಚಿತ್ರ್ಯವನ್ನು ಅದು ತಾನೇ ಹೊರುವುದರಿಂದ, ಯಾರ ಮೈಯನ್ನೂ ವಿಚಿತ್ರವೆಂದು ತೋರಿಸುವ ಅಗತ್ಯ ಬೀಳುವುದಿಲ್ಲ. ನಗು ಆಗ ಮನುಷ್ಯನ ನಡತೆಯ ಮೇಲೆ ಬೀಳುತ್ತದೆ. ದೇಹವನ್ನು ಬದಲಿಸಿಕೊಳ್ಳಲು ಆಗದು, ನಡತೆಯನ್ನು ತಿದ್ದಿಕೊಳ್ಳಬಹುದು. ಅದಕ್ಕೇ ಅಂಥ ನಗು ನ್ಯಾಯವಾದದ್ದು.

ಇದಕ್ಕೆ ಮೊದಲ ಆಕ್ಷೇಪ ಏನೆಂದು ಊಹಿಸಬಲ್ಲೆ: ಇದು ಮಕ್ಕಳಾಟ, ಏನು ಬೇಕಾದರೂ ನಡೆಯುವ ಜಾಗದಲ್ಲಿ ಯಾವುದಕ್ಕೂ ಬೆಲೆಯಿಲ್ಲ. ಆದರೆ ಮೇಲಿನ ಸ್ಕಿಟ್‌ಗಳಲ್ಲಿ ಏನು ಬೇಕಾದರೂ ನಡೆಯುವುದಿಲ್ಲ. ಪ್ರತಿಯೊಂದರಲ್ಲೂ ಅಸಾಧ್ಯವಾದ ಸಂಗತಿ ಒಂದೇ ಒಂದು, ಉಳಿದದ್ದೆಲ್ಲ ಕಟ್ಟುನಿಟ್ಟಾಗಿ ವಾಸ್ತವ. ಅಂಗಡಿ ನಿಜವಾದ ಅಂಗಡಿಯಂತಿದೆ, ಸಂದರ್ಶನ ನಿಜವಾದ ಸಂದರ್ಶನದಂತಿದೆ. ಕಲಾವಿದ ಕ್ಯಾಮೆರಾ ಕಡೆ ತಿರುಗಿ ಕಣ್ಣು ಹೊಡೆದರೆ, ಇದೊಂದು ತಮಾಷೆ ಎಂದು ಹಿನ್ನೆಲೆ ಸಂಗೀತ ಕೂಗಿ ಹೇಳಿದರೆ ಎಲ್ಲವೂ ಕುಸಿಯುತ್ತದೆ. ಇಂಗ್ಲಿಷ್ ಮನರಂಜಕ ರಾಡ್ ಹಲ್ ಇದನ್ನು ಚೆನ್ನಾಗಿ ಅರಿತಿದ್ದರು. ಅವರ ‘ಎಮು’ ಕೈಗೊಂಬೆಯ ಉದ್ದ ಕತ್ತಿನೊಳಗೆ ಇದ್ದದ್ದು ಅವರದೇ ಕೈ. ಹಕ್ಕಿಯನ್ನು ತಬ್ಬಿ ಹಿಡಿದಂತೆ ಕಾಣುತ್ತಿದ್ದದ್ದು ಕೋಟಿಗೆ ಹೊಲಿದ ಸುಳ್ಳು ತೋಳು. 1976ರಲ್ಲಿ ಮೈಕೇಲ್ ಪಾರ್ಕಿನ್ಸನ್‌ರ ಹರಟೆ ಕಾರ್ಯಕ್ರಮದಲ್ಲಿ ಆ ಎಮು ನಿರೂಪಕರ ಮೇಲೆರಗಿ ಕುರ್ಚಿಯಿಂದ ಕೆಡವಿದಾಗ, ಹಲ್ ಅದನ್ನು ತಡೆಯಲಾಗದ ಸಂಭಾವಿತನಂತೆ ನಿಂತರೇ ಹೊರತು ಅದು ತನ್ನದೇ ಕೈ ಎಂಬ ಸುಳಿವು ಕೊಡಲಿಲ್ಲ. ಇಷ್ಟು ಶಿಸ್ತು ಬೇಡುವ ಕೆಲಸವನ್ನು ಮಕ್ಕಳಾಟ ಎನ್ನಲಾಗದು. ಕಾರಣವಿಲ್ಲದೆ ಕಿರುಚಿ ಬೀಳುವ ಸ್ಕಿಟ್‌ಗಿಂತ ಇದನ್ನು ಬರೆಯುವುದು ಕಷ್ಟ. ಕಷ್ಟ ನಿಮಗೆ ಹೊಸದಲ್ಲ.

ಎರಡನೆಯ ಆಕ್ಷೇಪ: ಇದು ಪರದೇಶದ ಹಾಸ್ಯ, ನಮ್ಮ ಜನಕ್ಕೆ ಹಿಡಿಸದು, ನಮ್ಮದು ಪಂಚತಂತ್ರದ ಪರಂಪರೆ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ಪ್ರಾಣಿಗಳು ಮಾತಾಡುತ್ತವೆ, ನಿಜ. ಆದರೆ ಅಲ್ಲಿ ನರಿಯ ಹಿಂದೆ ಒಂದು ನೀತಿ ನಿಂತಿರುತ್ತದೆ, ಕಥೆ ಮುಗಿದಾಗ ನರಿ ಹೋಗಿ ನೀತಿ ಉಳಿಯುತ್ತದೆ. ಅಸಂಗತ ಪ್ರಾಣಿ ಯಾವ ನೀತಿಯನ್ನೂ ಹೊತ್ತು ಬರುವುದಿಲ್ಲ, ಇಲ್ಲಿ ಪರೀಕ್ಷೆಗೆ ಒಳಗಾಗುವವನು ಮನುಷ್ಯ. ಅದೂ ನಮಗೆ ಅಪರಿಚಿತವಲ್ಲ. ಗಿರೀಶ ಕಾರ್ನಾಡರ ‘ಹಯವದನ’ ನಾಟಕದ ಆರಂಭವನ್ನು ನೆನಪಿಸಿಕೊಳ್ಳಿ. ರಸ್ತೆಬದಿಯಲ್ಲಿ ದೇಹಬಾಧೆ ತೀರಿಸಿಕೊಳ್ಳಲು ಕೂತ ನಟನಿಗೆ, ಸಾರ್ವಜನಿಕ ಜಾಗದಲ್ಲಿ ಹೀಗೆ ಮಾಡಬಾರದು ಎಂದು ಬುದ್ಧಿ ಹೇಳುವುದು ಕುದುರೆಯ ಮುಖ. ಆ ಕುದುರೆಮುಖದವನು ರಂಗಕ್ಕೆ ಬಂದಾಗ ಭಾಗವತ ಅದನ್ನು ಮುಖವಾಡವೆಂದೇ ನಂಬಿ ಎಳೆದು ಕೀಳಲು ಹೆಣಗುತ್ತಾನೆ. ಪೂರ್ಣನಾಗಬೇಕೆಂದು ಹಂಬಲಿಸಿದ ಹಯವದನ ಕೊನೆಗೆ ಪೂರ್ಣ ಕುದುರೆಯಾಗಿ ಬರುತ್ತಾನೆ, ಆದರೆ ಮನುಷ್ಯದನಿ ಹೋಗಿಲ್ಲವಾದ್ದರಿಂದ ರಾಷ್ಟ್ರಗೀತೆ ಹಾಡುತ್ತಾನೆ. ಕನ್ನಡದ ಪ್ರೇಕ್ಷಕರು ಇದನ್ನು ಐವತ್ತು ವರ್ಷದಿಂದ ಅಪ್ಪಿಕೊಂಡಿದ್ದಾರೆ. ಕರಾವಳಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿವೇಷವನ್ನು ನೋಡುವ ಜನ, ಬಣ್ಣ ಬಳಿದ ಮೈಯ ಒಳಗಿರುವವನು ಮನುಷ್ಯ ಎಂಬುದನ್ನೂ ಅವನು ಹುಲಿ ಎಂಬುದನ್ನೂ ಒಟ್ಟಿಗೇ ಒಪ್ಪಿರುತ್ತಾರೆ. ಇಂಥ ಪ್ರೇಕ್ಷಕರು ಸಿದ್ಧರಿಲ್ಲ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ನಮ್ಮ ನೆಲದಲ್ಲೇ ಇದು ಹೇಗೆ ಮೊಳೆಯಬಹುದು ಎಂಬುದಕ್ಕೆ ಒಂದು ಸನ್ನಿವೇಶ ಹೇಳುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡಿಕೊಂಡು ಒಂದು ಮೊಸಳೆ ಮನೆ ಕೇಳಲು ಬರುತ್ತದೆ. ಮನೆ ಮಾಲೀಕರು ಅದನ್ನು ಸೋಫಾದ ಮೇಲೆ ಕೂರಿಸಿ, ನೀರು ಕೊಟ್ಟು, ಎಂದಿನ ಪ್ರಶ್ನೆಗಳನ್ನೇ ಕೇಳುತ್ತಾರೆ. ಫ್ಯಾಮಿಲಿಯೋ ಬ್ಯಾಚುಲರೋ? ಕೆಲಸ ಯಾವ ಕಂಪನಿಯಲ್ಲಿ? ಹತ್ತು ತಿಂಗಳ ಅಡ್ವಾನ್ಸ್ ಕೊಡಬಲ್ಲಿರಾ? ರಾತ್ರಿ ಹತ್ತರ ಮೇಲೆ ಗೇಟು ಹಾಕುತ್ತೇವೆ. ಅದರ ಹಲ್ಲನ್ನಾಗಲಿ ಬಾಲವನ್ನಾಗಲಿ ಯಾರೂ ಎತ್ತಿ ಆಡುವುದಿಲ್ಲ. ಮಾತು ಕೊನೆಗೆ ಮುರಿದು ಬೀಳುವುದು, ಮನೆಯಲ್ಲಿ ಮೊಟ್ಟೆ ಬೇಯಿಸುತ್ತೀರಾ ಎಂಬ ಪ್ರಶ್ನೆಯಲ್ಲಿ. ಮೊಸಳೆಯ ಜಾಗದಲ್ಲಿ ಒಬ್ಬ ಮನುಷ್ಯನನ್ನು ಇಟ್ಟರೆ ಇದೇ ವಿಷಯ ಯಾವುದೋ ಸಮುದಾಯದ ಹೆಸರಿಗೆ ಹೋಗಿ ಗಂಟು ಬೀಳುತ್ತದೆ. ಮೊಸಳೆಯಿರುವುದರಿಂದ ಇಡೀ ಊರು ಒಟ್ಟಿಗೆ ಕೂತು ತನ್ನ ಬಾಡಿಗೆ ಮನೆಯ ಕಟ್ಟಳೆಗಳನ್ನು ನೋಡಿ ನಗಬಹುದು, ನಕ್ಕ ಮೇಲೆ ಯೋಚಿಸಲೂಬಹುದು.

ಮೂರನೆಯ ಆಕ್ಷೇಪ ಗಂಭೀರವಾದದ್ದು: ಅಸಂಗತ ಹಾಸ್ಯ ವಾಸ್ತವದಿಂದ ಓಡಿಹೋಗುವ ದಾರಿ, ಅಧಿಕಾರದಲ್ಲಿರುವವರಿಗೆ ಅದರಿಂದ ಬಿಸಿ ತಟ್ಟದು. ಒಂದು ಘಟನೆ ಇದಕ್ಕೆ ಉತ್ತರ ಹೇಳುತ್ತದೆ. 1990ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ಲಿಬರಲ್ ಡೆಮಾಕ್ರಟ್ ಪಕ್ಷದ ಹಕ್ಕಿಯ ಲಾಂಛನವನ್ನು ಗೇಲಿ ಮಾಡಲು ಆ ಸತ್ತ ಗಿಳಿಯ ಸಂಭಾಷಣೆಯನ್ನೇ ಆಡಿದರು. ಅದಾದ ಒಂದೇ ವಾರದಲ್ಲಿ ಈಸ್ಟ್‌ಬೋರ್ನ್ ಉಪಚುನಾವಣೆಯಲ್ಲಿ ಅದೇ ಪಕ್ಷ ಕನ್ಸರ್ವೇಟಿವರ ಭದ್ರ ಸ್ಥಾನವನ್ನು ಕಿತ್ತುಕೊಂಡಿತು. ಯಾವ ಪಕ್ಷದ ಹೆಸರನ್ನೂ ಎತ್ತದೆ ಬರೆದ ಸ್ಕಿಟ್ ಇಪ್ಪತ್ತೊಂದು ವರ್ಷಗಳ ನಂತರ ರಾಜಕಾರಣದ ನಡುಮನೆಗೆ ಬಂದು ಕೂತಿತು. ಕಣ್ಣೆದುರಿನದನ್ನು ಅಲ್ಲಗಳೆಯುವ ಚಾಳಿ ಯಾವ ಕಾಲದ ಯಾವ ಅಧಿಕಾರಕ್ಕೂ ಇರುವಂಥದ್ದು, ಆದ್ದರಿಂದ ಆ ಗಿಳಿಗೆ ವಯಸ್ಸಾಗುವುದಿಲ್ಲ. ಹೆಸರು ಹಿಡಿದು ಅಣಕಿಸಿದ ರಾಜಕೀಯ ಹಾಸ್ಯ ಮುಂದಿನ ಚುನಾವಣೆಗೆ ಹಳಸುತ್ತದೆ.

ನಾಲ್ಕನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಎಚ್ಚರಿಕೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮನುಷ್ಯರನ್ನು ಪ್ರಾಣಿಗೆ ಹೋಲಿಸುವುದು ಅವಮಾನದ ಅತಿ ಹಳೆಯ ಅಸ್ತ್ರ. ಯುರೋಪಿನ ಫುಟ್‌ಬಾಲ್ ಮೈದಾನಗಳಲ್ಲಿ ಕಪ್ಪು ಆಟಗಾರರತ್ತ ಮಂಗನ ಸದ್ದು ಮಾಡಿದ್ದಾರೆ, ಬಾಳೆಹಣ್ಣು ಎಸೆದಿದ್ದಾರೆ. ನಮ್ಮಲ್ಲಿ ಎಮ್ಮೆ, ಕತ್ತೆ, ಹಂದಿ ಎಂಬವು ಬೈಗುಳಗಳು. ಹಾಗಾಗಿ ದಪ್ಪಗಿರುವ ಕಲಾವಿದೆಗೆ ಆನೆಯ ವೇಷ ಹಾಕಿಸಿ, ಇದೇ ಅಸಂಗತ ಹಾಸ್ಯ ಎಂದರೆ ನಾನು ಕೇಳುತ್ತಿರುವುದಕ್ಕೆ ಅದು ತದ್ವಿರುದ್ಧ. ಗೆರೆ ಎಲ್ಲಿದೆ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ಆ ಪ್ರಾಣಿ ಯಾವುದೋ ಜನವರ್ಗದ ಸಂಕೇತವೇ ಎಂದು ಕೇಳಿಕೊಳ್ಳಿ, ಹೌದಾದರೆ ಅಲ್ಲಿಗೇ ಬಿಡಿ. ಜೆರಾಲ್ಡ್ ಬೇರೆ ಯಾರಿಗೂ ಬದಲಿಯಾಗಿ ನಿಂತಿಲ್ಲ, ಅವನು ಬರೀ ಗೊರಿಲ್ಲಾ, ಅದೂ ಕೋಣೆಯಲ್ಲಿರುವ ಎಲ್ಲರಿಗಿಂತ ಘನತೆಯುಳ್ಳವನು.

ಇನ್ನು ಖರ್ಚಿನ ಮಾತು. ನಿಜವಾದ ಪ್ರಾಣಿಗಳನ್ನು ಸೆಟ್‌ಗೆ ತರುವ ಯೋಚನೆಯನ್ನೇ ಮಾಡಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕರಡಿ, ಮಂಗ, ಹುಲಿ, ಚಿರತೆ, ಸಿಂಹ, ಗೂಳಿಗಳನ್ನು ಪ್ರದರ್ಶನಕ್ಕೆ ಬಳಸುವಂತಿಲ್ಲ. ಬೇರೆ ಪ್ರಾಣಿಗಳಿಗೆ 2001ರ ನಿಯಮಗಳಂತೆ ನೋಂದಣಿ, ಅನುಮತಿ ಬೇಕು. ಕಾನೂನು ಹಾಗಿರಲಿ, ನಿಜವಾದ ಪ್ರಾಣಿ ನಗುವನ್ನೇ ಕೊಲ್ಲುತ್ತದೆ, ಏಕೆಂದರೆ ನೋಡುವವರ ಗಮನ ಅದರ ಪಾಡಿನ ಮೇಲೆ ಹೋಗುತ್ತದೆ. ಶಾರ್ಕಿಗೆ ಬಾಗಿಲಿನಿಂದ ನುಗ್ಗುವ ಒಂದು ತಲೆ ಸಾಕಾಯಿತು, ಟೂನ್ಸಿಸ್ ಸ್ಟೀರಿಂಗ್ ಹಿಡಿಯಲು ಎರಡು ಗೊಂಬೆ ಪಾದ ಸಾಕಾದವು. ಗ್ರಾಫಿಕ್ಸ್‌ಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಬರಹಗಾರರಿಗೆ ಕೊಡಿ, ಅವರಿಗೆ ಇನ್ನೊಂದು ದಿನ ಹೆಚ್ಚು ಕೊಡಿ. ಪಾತ್ರ ಗೆದ್ದಿತೆಂದು ವಾರ ವಾರವೂ ಅದನ್ನೇ ಎಳೆದು ತರುವ ಆಸೆಯನ್ನೂ ಹತ್ತಿಕ್ಕಬೇಕು. ಅಸಂಗತದ ಬಲ ಅದರ ಹೊಸತನದಲ್ಲಿದೆ, ಮೂರನೇ ಸಲಕ್ಕೆ ಮೊಸಳೆಯೂ ಮಾಮೂಲಿ ಬಾಡಿಗೆದಾರನಾಗುತ್ತದೆ.

ಕೊನೆಯದಾಗಿ ಒಂದು ಕಾರ್ಯಸಾಧ್ಯ ಸಲಹೆ. ಮುಂದಿನ ಸೀಸನ್‌ನಲ್ಲಿ ವಾರಕ್ಕೆ ಒಂದೇ ಒಂದು ಸ್ಕಿಟ್ ಅನ್ನು ಹೀಗೆ ಬರೆಯಿರಿ: ಅದರಲ್ಲಿ ಯಾರ ಮೈಬಣ್ಣ, ತೂಕ, ಎತ್ತರ, ಉಡುಪು, ಮಾತಿನ ಧಾಟಿಯೂ ನಗೆಯ ಸರಕಾಗಬಾರದು, ಒಂದು ಅಸಾಧ್ಯ ಪ್ರಾಣಿ ಇರಬೇಕು, ಅದರ ಎದುರು ನಮ್ಮ ಕಚೇರಿ, ಮನೆ, ಮದುವೆ, ಆಸ್ಪತ್ರೆಗಳ ನಿತ್ಯದ ನಡವಳಿಕೆ ಒಂದಿಷ್ಟೂ ಬದಲಾಗದೆ ಮುಂದುವರಿಯಬೇಕು. ವಾಹಿನಿಯವರು ಟಿಆರ್‌ಪಿ ಕೇಳುತ್ತಾರೆ, ಒಂದೆರಡು ವಾರ ಚಪ್ಪಾಳೆ ಕಡಿಮೆ ಬಿದ್ದೀತು. ನೀವು ಎದೆಗುಂದಬೇಡಿ. ನಿಮಗೆ ದೊರೆತಿರುವಷ್ಟು ದೊಡ್ಡ ಪ್ರೇಕ್ಷಕವರ್ಗ ಕನ್ನಡದ ಹಾಸ್ಯ ಸಾಹಿತಿಗಳಲ್ಲಿ ಯಾರಿಗೂ ದೊರೆತಿರಲಿಲ್ಲ. ಆ ಪ್ರೇಕ್ಷಕರಲ್ಲಿ ಒಬ್ಬರೂ ತಲೆ ತಗ್ಗಿಸದಂತೆ ಎಲ್ಲರನ್ನೂ ನಗಿಸಲು ಸಾಧ್ಯವಿರುವಾಗ, ಅದಕ್ಕಿಂತ ಕಡಿಮೆಗೆ ನೀವು ಒಪ್ಪಿಕೊಳ್ಳಬಾರದು.

ಇತಿ,
ನಿಮ್ಮ ಕೆಲಸವನ್ನು ಪ್ರೀತಿಯಿಂದ ನೋಡುವ
ಒಬ್ಬ ಪ್ರೇಕ್ಷಕ